ಸಾವಿನ ಮನೆ ಮತ್ತು ಭೂ ದಲ್ಲಾಳಿ: ಮೀರಬಾರದ ಗೆರೆಗಳು

ಹೊಸೂರು, ಬಾಗಲೂರು, ತಳಿ, ಕೆಲಮಂಗಲ ಭಾಗದಲ್ಲಿ ಬೆಂಗಳೂರು ಬೆಳೆದಂತೆಲ್ಲ ಜಮೀನಿನ ಬೆಲೆಯೂ ಏರಿದೆ. ಮನೆಯ ಯಜಮಾನ ತೀರಿಕೊಂಡ ಸುದ್ದಿ ನೆಂಟರಿಷ್ಟರಿಗೆ ಮುಟ್ಟುವಷ್ಟರಲ್ಲಿ ದಲ್ಲಾಳಿಯ ಕಿವಿಗೂ ಬಿದ್ದಿರುತ್ತದೆ. ತಿಥಿ ಮುಗಿಯುವ ಮೊದಲೇ "ಒಳ್ಳೇ ಪಾರ್ಟಿ ಇದೆ ಕಣಮ್ಮಾ, ಅಡ್ವಾನ್ಸ್ ತಗೊಳ್ಳಿ" ಎಂಬ ಮಾತು ಬರುವುದುಂಟು.

ದಲ್ಲಾಳಿತನ ತಪ್ಪಲ್ಲ. ಆಸ್ಪತ್ರೆಯ ಸಾಲ ತೀರಿಸಲು ಜಮೀನು ಮಾರಲೇಬೇಕಾದ ಕುಟುಂಬಗಳಿಗೆ ಅವನ ನೆರವು ಬೇಕಾಗುತ್ತದೆ. ಯಾವಾಗ, ಯಾರನ್ನು, ಹೇಗೆ ಕೇಳಬೇಕು ಎಂಬುದಷ್ಟೇ ಪ್ರಶ್ನೆ.

ಕಾನೂನು ಏನು ಹೇಳುತ್ತದೆ?

1872ರ ಭಾರತೀಯ ಕರಾರು ಕಾಯ್ದೆಯ 16ನೇ ಕಲಮು 'ಅನುಚಿತ ಪ್ರಭಾವ'ದ ಬಗ್ಗೆ ಹೇಳುತ್ತದೆ. ವಯಸ್ಸು, ಕಾಯಿಲೆ ಅಥವಾ ಮನೋವೇದನೆಯಿಂದ ಬುದ್ಧಿ ತಾತ್ಕಾಲಿಕವಾಗಿ ಕುಗ್ಗಿದವರ ಮೇಲೆ ಎದುರಿನವನಿಗೆ ಹಿಡಿತವಿದೆ ಎಂದು ಅದು ಭಾವಿಸುತ್ತದೆ. ಆ ಹಿಡಿತವನ್ನು ಬಳಸಿ ಅನ್ಯಾಯದ ಲಾಭ ಪಡೆದು ಮಾಡಿಸಿಕೊಂಡ ಕರಾರನ್ನು 19-ಎ ಕಲಮಿನಡಿ ರದ್ದುಪಡಿಸಿಕೊಳ್ಳಬಹುದು.

2016ರ ರೇರಾ ಕಾಯ್ದೆಯಂತೆ ನೋಂದಾಯಿತ ಬಡಾವಣೆ, ಅಪಾರ್ಟ್‌ಮೆಂಟುಗಳ ಮಾರಾಟ ನಡೆಸುವ ಏಜೆಂಟ್ ನೋಂದಣಿ ಮಾಡಿಸಿರಬೇಕು. ಸುಳ್ಳು ಭರವಸೆ ಕೊಡುವಂತಿಲ್ಲ. ಆದರೆ ಹೊಲ, ತೋಟ ಕೊಡಿಸುವ ಹಳ್ಳಿಯ ದಲ್ಲಾಳಿ ಸಾಮಾನ್ಯವಾಗಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಉಳಿಯುವುದು ಅವನ ನೀತಿ ಮತ್ತು ಊರಿನ ಕಣ್ಣು.

ಯಾರ ಒಪ್ಪಿಗೆ ಬೇಕು?

ಉಯಿಲು ಬರೆಯದೆ ಸತ್ತ ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲಿದೆ. ಪಿತ್ರಾರ್ಜಿತದಲ್ಲೂ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ದೊಡ್ಡಮಗನೊಬ್ಬನ ಸಹಿ ಹಾಕಿಸಿಕೊಂಡು, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಮರೆಸುವುದು ಮುಂದಿನ ವ್ಯಾಜ್ಯಕ್ಕೆ ಬೀಜ ಬಿತ್ತಿದಂತೆ. ಅಪ್ರಾಪ್ತ ಮಕ್ಕಳ ಸ್ವಂತ ಪಾಲನ್ನು ನ್ಯಾಯಾಲಯದ ಅನುಮತಿಯಿಲ್ಲದೆ ತಾಯಿಯೂ ಮಾರುವಂತಿಲ್ಲ. ಸತ್ತವರು ಬರೆದುಕೊಟ್ಟ ಪವರ್ ಆಫ್ ಅಟಾರ್ನಿ ಸಾಮಾನ್ಯವಾಗಿ ಅವರೊಂದಿಗೇ ಕೊನೆಗೊಳ್ಳುತ್ತದೆ.

ದಲ್ಲಾಳಿ ಪಾಲಿಸಬೇಕಾದ್ದು

* ಸೂತಕದ ದಿನಗಳಲ್ಲಿ ವ್ಯವಹಾರದ ಮಾತೆತ್ತಬಾರದು. ಮಣ್ಣಿಗೆ ಬಂದರೆ ನೆಂಟನಾಗಿ ಬರಬೇಕು.
* ಮನೆಯವರೇ ಕರೆಯುವವರೆಗೆ ಕಾಯಬೇಕು. ಬೇಡವೆಂದರೆ ಮತ್ತೆ ಕಾಡಬಾರದು.
* ತಾನು ಯಾರ ಪರ, ಕಮಿಷನ್ ಎಷ್ಟು ಎಂಬುದನ್ನು ಮೊದಲೇ ಹೇಳಬೇಕು.
* "ನಾಳೆ ಬೆಲೆ ಬೀಳುತ್ತದೆ" ಎಂದು ಹೆದರಿಸಬಾರದು.
* ಅಣ್ಣತಮ್ಮಂದಿರ ಮನಸ್ತಾಪವನ್ನು ಬಂಡವಾಳ ಮಾಡಿಕೊಳ್ಳಬಾರದು.

ಮನೆಯವರು ಮಾಡಬೇಕಾದ್ದು

ಮೊದಲು ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಬಳಿಕ ತಹಶೀಲ್ದಾರರಿಂದ ವಾರಿಸು ಪ್ರಮಾಣಪತ್ರ ಪಡೆದು, ಪಟ್ಟಾ ಬದಲಾವಣೆಗೆ ಅರ್ಜಿ ಹಾಕಬೇಕು. ಆಮೇಲೆಯೇ ಮಾರಾಟದ ಯೋಚನೆ.

ಕನ್ನಡ ಶಾಲೆಯಲ್ಲಿ ಓದಿದ ಹಿರಿಯರಿಗೆ ಇನ್ನೊಂದು ತೊಡಕಿದೆ. ಮಾತಿನಲ್ಲಿ ತಮಿಳು ಬಂದರೂ ಪತ್ರದ ತಮಿಳು ಓದಲು ಬಾರದಿರಬಹುದು. ಅಂಥವರು ನಂಬಿಕಸ್ಥರಿಂದ ಪೂರ್ತಿ ಓದಿಸಿ, ಅರ್ಥ ಕೇಳಿಕೊಳ್ಳದೆ ಹೆಬ್ಬೆಟ್ಟಾಗಲಿ ಸಹಿಯಾಗಲಿ ಹಾಕಬಾರದು. ಖಾಲಿ ಛಾಪಾ ಕಾಗದಕ್ಕಂತೂ ಹಾಕಲೇಬಾರದು.

ಜಮೀನು ಎಲ್ಲಿಗೂ ಓಡಿಹೋಗುವುದಿಲ್ಲ. ನಿಜವಾಗಿ ಕೊಳ್ಳುವವನು ಒಂದು ತಿಂಗಳು ಕಾಯುತ್ತಾನೆ. ಕಾಯಲಾರದವನ ಬಗ್ಗೆ ಎಚ್ಚರದಿಂದಿರುವುದು ಒಳ್ಳೆಯದು.