ಡೀಮನ್

ಕೊಟ್ಟೂರು, ಹಡಗಲಿ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಜಾವ ಎದ್ದು ವಾಲ್ವು ತಿರುಗಿಸಿ ನೀರು ಬಿಡುವವನು ನೀರಗಂಟಿ. ಅವನ ನೆನಪಾಗುವುದು ನೀರು ಬಾರದ ದಿನ ಮಾತ್ರ. ಕಂಪ್ಯೂಟರಿನೊಳಗೆ ಹಾಗೆ ಮರೆಯಲ್ಲಿ ದುಡಿಯುವ ಪ್ರೋಗ್ರಾಮಿಗೆ ಡೀಮನ್ ಎಂದು ಹೆಸರು.

ಈ ಹೆಸರು 1963ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್‌ನವರು ಇಟ್ಟದ್ದು. ಅಣುಗಳನ್ನು ಬೇರ್ಪಡಿಸುತ್ತ ಕೂತಿರುವ, ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ ಜೀವಿಯೇ ಅವರಿಗೆ ಸ್ಫೂರ್ತಿ. ಪದದ ಮೂಲ ಗ್ರೀಕಿನ ‘ದೈಮೋನ್’. ಅಲ್ಲಿ ಅದು ಕೆಟ್ಟದ್ದೇ ಆಗಿರಬೇಕಿರಲಿಲ್ಲ. ನಮ್ಮ ‘ದೆವ್ವ’ವೂ ‘ದೈವ’ದ ತದ್ಭವವೇ ತಾನೆ! ಎರಡೂ ಕಡೆ ಪಾಪ, ದೇವರಂಥದ್ದು ಪೀಡೆಯಾಯಿತು.

ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಎಸ್‌ಎಸ್‌ಎಚ್‌ಡಿ, ಸಿಸ್ಟಮ್‌ಡಿ ಮುಂತಾದ ಹೆಸರುಗಳ ಕೊನೆಯ ‘ಡಿ’ ಇದೇ ಡೀಮನ್. 2010ರಲ್ಲಿ ಬಂದ ಸಿಸ್ಟಮ್‌ಡಿ ಇವರೆಲ್ಲರ ಮೇಸ್ತ್ರಿ. ಅದಕ್ಕೆ ಅಪ್ಪಣೆ ಕೊಡುವ ಆದೇಶ ‘ಸಿಸ್ಟಮ್‌ಸಿಟಿಎಲ್’. ಹೊಸಬರು ಎಡವುವುದು ಇಲ್ಲೇ: ‘ಸ್ಟಾರ್ಟ್’ ಎಂದರೆ ಡೀಮನ್ ಈಗ ಏಳುತ್ತದೆ, ಅಷ್ಟೆ. ಹರಪನಹಳ್ಳಿಯಲ್ಲಿ ಕರೆಂಟು ಹೋಗಿ ಬಂದು ಯಂತ್ರ ಮತ್ತೆ ಶುರುವಾದಾಗ ತಾನಾಗಿ ಏಳಬೇಕಿದ್ದರೆ ‘ಎನೇಬಲ್’ ಎಂದೂ ಹೇಳಿರಬೇಕು. ಎದ್ದಿದೆಯೋ ಇಲ್ಲವೋ ಎಂದು ನೋಡಲು ‘ಸ್ಟೇಟಸ್’.

ಕನ್ನಡದಲ್ಲಿ ‘ಹಿನ್ನೆಲೆ ಸೇವೆ’ ಎನ್ನುವುದುಂಟು. ನನಗಂತೂ ‘ನೀರಗಂಟಿ’ಯೇ ವಾಸಿ.