ವಾಳೆ, ಗ್ರಾಮ, ವಾರ್ಡು: ಬದಿಯಡ್ಕ ಸೀಮೆಯಲ್ಲಿ ಊರ ಕೆಲಸದ ಚರಿತ್ರೆ

ಕುಂಬಳೆಯಿಂದ ಬದಿಯಡ್ಕಕ್ಕೆ ಬರುವ ದಾರಿಯಲ್ಲಿ ಬೇಳ ಗ್ರಾಮ ಸಿಗುತ್ತದೆ. ಇಲ್ಲಿಯ ಶೋಕಮಾತಾ ಇಗರ್ಜಿ 1890ರಲ್ಲಿ ಸ್ಥಾಪನೆಯಾದದ್ದು. ಗೋಥಿಕ್ ಶೈಲಿಯ ಈ ಕಟ್ಟಡವನ್ನು ಕಾಸರಗೋಡು ಜಿಲ್ಲೆಯ ಹಳೆಯ ಇಗರ್ಜಿಗಳಲ್ಲಿ ಒಂದೆಂದು ಎಣಿಸುತ್ತಾರೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಳಚಿಕೊಂಡು ಕೇರಳಕ್ಕೆ ಸೇರಿತು. ಬೇಳದ ಇಗರ್ಜಿ ಮಾತ್ರ ಅಂದಿಗೂ ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದ್ದೇ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ನೆರೆಕರೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ ಆಡುವ ಇಲ್ಲಿಯ ಒಂದು ಕ್ರೈಸ್ತ ಕುಟುಂಬಕ್ಕೆ ರಸ್ತೆ, ನೀರು, ರೇಶನ್ ಕಾರ್ಡಿನ ವ್ಯವಹಾರವೆಲ್ಲ ತಿರುವನಂತಪುರದ ಕಾಯಿದೆಯಂತೆ. ಜ್ಞಾನಸ್ನಾನ, ಮದುವೆ, ಮರಣದ ವ್ಯವಹಾರ ಮಂಗಳೂರಿನ ಬಿಷಪರ ಅಧೀನ.

ಬದಿಯಡ್ಕ ಸೀಮೆಯಲ್ಲಿ 'ಊರ ಕೆಲಸ' ಎಂದರೆ ಸಂಬಳವಿಲ್ಲದೆ ಹತ್ತು ಮನೆಯವರು ಕೂಡಿ ಮಾಡುವ ಕೆಲಸ. ಅದನ್ನು ಯಾರು ಮಾಡಿದರು, ಯಾರ ಮಾತಿಗೆ ಮಾಡಿದರು, ಅದರಲ್ಲಿ ಯಾರಿಗೆ ಪಾಲು ಸಿಗಲಿಲ್ಲ ಎಂಬುದು ಈ ಲೇಖನದ ವಿಚಾರ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಆಡಳಿತದ ಚೌಕಟ್ಟು ಈ ಊರಿಗೆ ಹಲವು ಬಾರಿ ಹೊರಗಿನಿಂದ ಸಿದ್ಧವಾಗಿಯೇ ಬಂತು. ಅದನ್ನು ನಡೆಸಿಕೊಟ್ಟವರು ಮನೆಮನೆಯ ಲೆಕ್ಕ ಬಲ್ಲ, ಯಾವ ಕಾಯಿದೆಯಲ್ಲೂ ಹೆಸರಿಲ್ಲದ ಜನ.

ಪಟೇಲರು ಮತ್ತು ಗುರಿಕಾರರು

ಮದರಾಸು ಸರಕಾರದ ಕಾಲದಲ್ಲಿ ಗ್ರಾಮವೆಂದರೆ ಪಟೇಲ, ಶಾನುಭೋಗ, ಉಗ್ರಾಣಿ. ಪಟೇಲರು ತೀರ್ವೆ ವಸೂಲಿ ಮತ್ತು ಗ್ರಾಮದ ಶಾಂತಿ ನೋಡಿಕೊಳ್ಳುವವರು, ಶಾನುಭೋಗರು ಕಡತ ಬರೆಯುವವರು, ಉಗ್ರಾಣಿ ಹೇಳಿಕೆ ಮುಟ್ಟಿಸುವವನು. ಮೂವರೂ ಸರಕಾರದ ಕಡೆಯವರೇ. ಕಾಲುಸಂಕ ಕಟ್ಟುವುದು, ಕೆರೆಯ ಹೂಳು ತೆಗೆಯುವುದು, ಹೆಣಕ್ಕೆ ಹೆಗಲು ಕೊಡುವುದು ಇವರ ಕೆಲಸವಾಗಿರಲಿಲ್ಲ. ಅದಕ್ಕೆ ಬೇರೆಯದೇ ವ್ಯವಸ್ಥೆಯಿತ್ತು. ಒಂದು, ಅಡೂರು, ಮಧೂರು, ಕಾವು, ಕಣ್ಯಾರ ಎಂಬ ನಾಲ್ಕು ದೇವಸ್ಥಾನಗಳನ್ನು ಮುಖ್ಯವೆಂದು ಒಪ್ಪಿಕೊಂಡ ಕುಂಬಳೆ ಸೀಮೆಯ ದೇವಸ್ಥಾನ–ದೈವಸ್ಥಾನಗಳ ಕಟ್ಟುಕಟ್ಟಳೆ. ಇನ್ನೊಂದು, ಒಂದೊಂದು ಸಮುದಾಯದ ಗುರಿಕಾರ.

ಗುರಿಕಾರನ ಸ್ಥಾನ ಒಂದೇ ಜಾತಿಯ ಸ್ವತ್ತಲ್ಲ ಎಂಬುದನ್ನು ಗಮನಿಸಬೇಕು. ಹವ್ಯಕರಲ್ಲಿ ಇದ್ದಾರೆ, ಬಿಲ್ಲವರಲ್ಲಿ ಇದ್ದಾರೆ, ಕರಾವಳಿಯ ಮೊಗವೀರರಲ್ಲಿ ಇದ್ದಾರೆ, ಮಂಗಳೂರು ಧರ್ಮಪ್ರಾಂತ್ಯದ ಇಗರ್ಜಿಗಳ ಪ್ರತಿ ವಾಳೆಯಲ್ಲೂ, ಎಂದರೆ ಒಂದು ಇಗರ್ಜಿಗೆ ಸೇರಿದ ನೆರೆಮನೆಗಳ ಪ್ರತಿ ಗುಂಪಿನಲ್ಲೂ, ಇದ್ದಾರೆ. ಮದುವೆ ನಿಶ್ಚಯವಾದರೆ ಅವರಿಗೆ ಮೊದಲು ತಿಳಿಸಬೇಕು, ಸಾವಾದರೆ ಸುದ್ದಿ ಮುಟ್ಟಿಸುವವರು ಅವರು, ಎರಡು ಮನೆಗಳ ನಡುವೆ ಮಾತು ಬಿಟ್ಟುಹೋದರೆ ನಡುವೆ ಕೂತುಕೊಳ್ಳುವವರೂ ಅವರೇ. ಹೊರಗಿನಿಂದ ಬಂದ ಧರ್ಮವೊಂದು ಈ ನೆಲದ ಸ್ಥಾನವನ್ನು ಹೆಸರು ಸಮೇತ ತನ್ನದಾಗಿ ಮಾಡಿಕೊಂಡಿತು. ಕಾರಣ, ಮನೆಗಳನ್ನು ಒಗ್ಗೂಡಿಸುವುದಕ್ಕೆ ಅದಕ್ಕಿಂತ ಮೇಲಾದ ದಾರಿ ಇಲ್ಲಿ ಬೇರೆ ಇರಲಿಲ್ಲ. ಚದುರಿದ ಮನೆಗಳ ಊರು ಇದು. ಘಟ್ಟದ ಮೇಲಿನ ಹಳ್ಳಿಯಂತೆ ಕೇರಿ, ಅಗಸೆ, ಕಟ್ಟೆ ಇಲ್ಲಿಲ್ಲ. ಒಂದು ಗುಡ್ಡದ ತಪ್ಪಲಲ್ಲಿ ಒಂದು ಮನೆ, ತೋಟ ದಾಟಿದರೆ ಇನ್ನೊಂದು. ಇಂಥಲ್ಲಿ ಒಬ್ಬ ನಡೆದು ಹೋಗಿ ಹೇಳದಿದ್ದರೆ ಸಭೆಯೇ ಸೇರದು.

ಸೆಪ್ಟೆಂಬರ್ 8ರಂದು ಕ್ರೈಸ್ತರು ಆಚರಿಸುವ ಮೊಂತಿ ಹಬ್ಬದಲ್ಲಿ ಗುರಿಕಾರನ ಮನೆಮನೆಯ ಲೆಕ್ಕ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ತಟ್ಟೆ, ಬುಟ್ಟಿಗಳಲ್ಲಿ ಹೂವು ತಂದು ಕನ್ಯಾ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಪಾದ್ರಿಗಳು ಆಶೀರ್ವದಿಸಿದ ಮೇಲೆ ಮನೆಗಿಷ್ಟೆಂದು ಹಂಚುತ್ತಾರೆ, ಮಕ್ಕಳ ಕೈಗೆ ಕಬ್ಬಿನ ತುಂಡು ಕೊಡುತ್ತಾರೆ. ತೆನೆಯ ಕಾಳನ್ನು ಬಿಡಿಸಿ ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಕೂಡಿ ಉಂಡರೇ ಹಬ್ಬ. ಎಷ್ಟು ತೆನೆ ಬೇಕೆಂಬುದಕ್ಕೆ ವಾಳೆಯಲ್ಲಿ ಎಷ್ಟು ಮನೆ, ಯಾವ ಮನೆಯಲ್ಲಿ ಏಳಲಾಗದ ಮುದುಕಿ ಇದ್ದಾರೆ, ಯಾರ ಮನೆಗೆ ತಲುಪಿಸಿಯೇ ಬರಬೇಕು ಎಂದು ಬಲ್ಲವರು ಬೇಕು. ಗದ್ದೆಗಳು ಅಡಿಕೆ ತೋಟಗಳಾದ ಈ ಕಾಲದಲ್ಲಿ ತೆನೆಯನ್ನೇ ಹುಡುಕಿ ತರಬೇಕಾದರೂ ಹಂಚುವ ಕ್ರಮ ತಪ್ಪಿಲ್ಲ.

ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರ ಇಗರ್ಜಿಗಳಲ್ಲಿ ಪಾಲನಾ ಮಂಡಳಿಗಳು ಬಂದವು. 1983ರ ಧರ್ಮಸಭಾ ಕಾನೂನು ಹಣಕಾಸು ಸಮಿತಿಯನ್ನು ಕಡ್ಡಾಯ ಮಾಡಿತು. ವಿಶ್ವಾಸಿಗಳು ಉಪಾಧ್ಯಕ್ಷರಾಗಿ, ಕಾರ್ಯದರ್ಶಿಯಾಗಿ ಪಾದ್ರಿಗಳ ಜೊತೆ ಕೂತು ಲೆಕ್ಕ ನೋಡುವ ಪರಿಪಾಠ ಬೆಳೆಯಿತು. ಈ ಮಂಡಳಿಗೆ ವಾಳೆಯ ಪ್ರತಿನಿಧಿಯಾಗಿ ಹೋಗುವವರು ಗುರಿಕಾರರೇ. ಠರಾವು ಬರೆಯುವುದು, ಖರ್ಚಿನ ಪಟ್ಟಿ ಒಪ್ಪಿಸುವುದು, ಎದುರು ಮಾತು ಬಂದಾಗ ಸಮಾಧಾನದಿಂದ ಉತ್ತರಿಸುವುದು ಇವೆಲ್ಲವನ್ನೂ ಊರವರು ಪಂಚಾಯತಿನ ಹೊರಗೂ ಕಲಿತರು. ಭಜನಾ ಮಂದಿರದ ಸಮಿತಿ, ಮಸೀದಿಯ ಜಮಾಅತ್ ಸಮಿತಿ, ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗಳಲ್ಲೂ ಇದೇ ಪಾಠ ನಡೆದಿದೆ. ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಸೇರಿಸುವವರು, ಚಪ್ಪರ ಹಾಕುವವರು, ಸಾವಿರಾರು ಎಲೆಗೆ ಬಡಿಸುವವರು ಯಾವ ಗುತ್ತಿಗೆದಾರನ ಆಳುಗಳೂ ಅಲ್ಲ.

ಕಟ್ಟದ ಪಾಲು

ಊರ ಕೆಲಸಕ್ಕೆ ಇಲ್ಲಿ ಸಿಗುವ ಅತ್ಯಂತ ಗಟ್ಟಿ ಸಾಕ್ಷ್ಯ ಕಟ್ಟಗಳದು, ಎಂದರೆ ತೋಡಿಗೆ ಅಡ್ಡ ಹಾಕುವ ಒಡ್ಡುಗಳದು. ಬದಿಯಡ್ಕಕ್ಕೆ ತಾಗಿರುವ ಕುಂಬ್ಡಾಜೆ ಪಂಚಾಯತಿನ ಏತಡ್ಕ ಇದಕ್ಕೆ ಹೆಸರಾದ ಊರು. ಮಳೆ ನಿಂತು ತೋಡಿನ ಸೆಳೆತ ಇಳಿದ ಮೇಲೆ ಅಡ್ಡಲಾಗಿ ಕಲ್ಲಿನ ಎರಡು ಸಾಲು ಕಟ್ಟುತ್ತಾರೆ. ನಡುವೆ ಅಂಟು ಮಣ್ಣು ಹಾಕಿ ಪದರ ಪದರವಾಗಿ ತುಳಿಯುತ್ತಾರೆ. ತುಳಿಯುವುದರಲ್ಲೇ ಕಟ್ಟದ ಜೀವವಿದೆ. ಸಡಿಲಾದರೆ ನೀರು ತೂರುತ್ತದೆ, ತೂರಿದ ನೀರು ಮಣ್ಣನ್ನು ಒಯ್ಯುತ್ತದೆ. ಒಂದು ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡ ಮುಟ್ಟುವಂತೆ ಸಾಲಾಗಿ ಕಟ್ಟಿದರೆ ಇಡೀ ಕಣಿವೆಯ ಬಾವಿಗಳಲ್ಲಿ ಒರತೆ ಏರುತ್ತದೆ, ತೋಟ ಬೇಸಗೆ ದಾಟುತ್ತದೆ. ಮಳೆಗಾಲ ಬಂದಾಗ ಕಟ್ಟ ಹೋಗುತ್ತದೆ. ಮುಂದಿನ ವರ್ಷ ಮತ್ತೆ ಮೊದಲಿನಿಂದ. ಖರ್ಚು, ಆಳು, ಕಲ್ಲು, ಮಣ್ಣು ಎಲ್ಲವನ್ನೂ ನೀರು ಪಡೆಯುವ ತೋಟಗಳವರು ಪಾಲು ಹಾಕಿಕೊಳ್ಳುತ್ತಾರೆ. ಅಡಿಕೆ ಪತ್ರಿಕೆಯ ಮೂಲಕವೂ ತಮ್ಮ ಇತರ ಬರಹಗಳ ಮೂಲಕವೂ ಶ್ರೀಪಡ್ರೆಯವರು ಈ ಜ್ಞಾನವನ್ನು ನಾಡಿನ ಮುಂದಿಡದಿದ್ದರೆ ಅದು ನಾಲ್ಕು ಕಣಿವೆಗಳ ಆಚೆಗೆ ಗೊತ್ತಾಗುತ್ತಲೇ ಇರಲಿಲ್ಲ.

ಆದರೆ ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಹಿಂದೆ ಕಟ್ಟದ ಮಣ್ಣು ತುಳಿದ ಎಲ್ಲ ಕಾಲುಗಳೂ ಮನಸ್ಸಿನಿಂದ ಬಂದವಲ್ಲ. ಧಣಿ ಬೇಕೆಂದಾಗ ಎಬ್ಬಿಸಬಹುದಾಗಿದ್ದ ಚಾಲಗೇಣಿಯ ಒಕ್ಕಲು ಧಣಿಯ ಪಾಲಿನ ಕೆಲಸವನ್ನೂ ಮಾಡಿದ್ದಾನೆ. ಬಿಟ್ಟಿ ದುಡಿಮೆ ಜಾತಿಯ ಕಟ್ಟಳೆಯಾಗಿದ್ದ ಕೊರಗರಂಥ ಸಮುದಾಯಗಳಿಗೆ 'ಸೇವೆ' ಎಂಬುದಕ್ಕೆ ಬೇರೆಯದೇ ಅನುಭವವಿದೆ. ಹತ್ತು ಸಮಸ್ತರ ಸಭೆಯಲ್ಲಿ ಅವರಿಗೆ ಕೂರಲು ಜಾಗವಿರಲಿಲ್ಲ, ಕೆಲಸಕ್ಕೆ ಮಾತ್ರ ಕರೆಯಿತ್ತು. ಊರ ಕೆಲಸದ ಚರಿತ್ರೆಯನ್ನು ಬರೀ ಒಗ್ಗಟ್ಟಿನ ಕಥೆಯಾಗಿ ಬರೆದರೆ ಇವರನ್ನು ಎರಡನೆಯ ಬಾರಿ ಹೊರಗಿಟ್ಟಂತೆ. 1970ರ ಜನವರಿ 1ರಂದು ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ ಕೇರಳದ ಭೂಸುಧಾರಣೆ ಈ ಲೆಕ್ಕಾಚಾರವನ್ನು ಬುಡದಲ್ಲೇ ಬದಲಿಸಿತು. ಕಾಲು ಎಕರೆಯಾದರೂ ಸ್ವಂತದ್ದಾದವನು ಕಟ್ಟಕ್ಕೆ ಬಂದರೆ ಅದು ಅವನದೇ ಪಾಲು. ನಿಜವಾದ ಅರ್ಥದಲ್ಲಿ ಸ್ವಯಂಸೇವೆ ಎಂದು ಕರೆಯಬಹುದಾದದ್ದು ಇಲ್ಲಿ ಬೆಳೆದದ್ದು ಆಮೇಲೆ ಎಂದೇ ನನ್ನ ನಿಲುವು.

ಪಂಚಾಯತು ಮತ್ತು ಕಯ್ಯಾರರು

ಮದರಾಸಿನ 1950ರ ಗ್ರಾಮಪಂಚಾಯತು ಕಾಯಿದೆಯ ಕೆಳಗೆ ಇಲ್ಲಿಗೆ ಬಂದ ವ್ಯವಸ್ಥೆಗೆ ಹತ್ತು ವರ್ಷ ತುಂಬುವುದರೊಳಗೆ ರಾಜ್ಯವೇ ಬದಲಾಯಿತು. ಕೇರಳವು ತಿರುವಾಂಕೂರು–ಕೊಚ್ಚಿ ಭಾಗಕ್ಕೂ ಮಲಬಾರ್ ಭಾಗಕ್ಕೂ ಒಂದೇ ಆಗುವಂತೆ 1960ರಲ್ಲಿ ಪಂಚಾಯತು ಕಾಯಿದೆ ಮಾಡಿತು. 1963ರ ಕೊನೆಗೆ ಚುನಾವಣೆಯಾಗಿ 1964ರ ಆರಂಭದಲ್ಲಿ ಹೊಸ ಆಡಳಿತ ಮಂಡಳಿಗಳು ಬಂದವು. ಮುಂದಿನ ಚುನಾವಣೆ ನಡೆದದ್ದು 1979ರಲ್ಲಿ! ಅಷ್ಟು ಕಾಲ ಅದೇ ಮಂಡಳಿಗಳನ್ನು ಮುಂದುವರಿಸುತ್ತ ಹೋದರು. ಪ್ರಜಾಪ್ರಭುತ್ವದ ದೃಷ್ಟಿಯಿಂದ ಇದು ದೊಡ್ಡ ಲೋಪ. ಪಂಚಾಯತಿನ ಕೈಯಲ್ಲಿ ಹಣವೂ ಅಧಿಕಾರವೂ ಅಲ್ಪ. ಅಂಥ ಕಾಲದಲ್ಲಿ ಒಂದು ಪಂಚಾಯತು ಏನಾದರೂ ಮಾಡಿತೆಂದರೆ ಅದಕ್ಕೆ ಅಲ್ಲಿಯ ಜನರೇ ಕಾರಣ.

ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿ ದೀರ್ಘಕಾಲ ದುಡಿದವರು ಕವಿ ಕಯ್ಯಾರ ಕಿಞ್ಞಣ್ಣ ರೈ (1915–2015). ಪೆರಡಾಲದ ನವಜೀವನ ಹೈಸ್ಕೂಲಿನ ಮೇಷ್ಟ್ರು, ಬೇಸಾಯಗಾರ, ಸ್ವಾತಂತ್ರ್ಯ ಹೋರಾಟಗಾರ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಕೊನೆಯುಸಿರಿನವರೆಗೂ ಹೇಳುತ್ತ ಬಂದವರು. ಗಡಿ ವಿವಾದದ ಕುರಿತ 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದಾಗ ಅದರ ಜಾರಿಗೆ ಒತ್ತಾಯಿಸಿದವರಲ್ಲಿ ಮುಂಚೂಣಿಯವರು. ಅಂಥವರು ಕೇರಳದ ಕಾಯಿದೆಯಡಿಯ ಪಂಚಾಯತಿನ ಕುರ್ಚಿಯಲ್ಲಿ ಕೂತು ದುಡಿದದ್ದನ್ನು ಕೆಲವರು ವಿರೋಧಾಭಾಸವೆಂದು ನೋಡಿಯಾರು. ನನಗೆ ಹಾಗೆ ಕಾಣುವುದಿಲ್ಲ. ರಾಜ್ಯ ಯಾವುದೆಂಬ ಪ್ರಶ್ನೆ ಇತ್ಯರ್ಥವಾಗುವ ತನಕ ರಸ್ತೆ, ಶಾಲೆ, ಕುಡಿಯುವ ನೀರು ಕಾಯಲಾರವು. ತಮ್ಮ ಆತ್ಮಕಥೆಗೆ ಅವರು 'ದುಡಿತವೆ ನನ್ನ ದೇವರು' ಎಂದು ಹೆಸರಿಟ್ಟದ್ದು ಈ ನಿಲುವಿಗೆ ಹೊಂದುತ್ತದೆ. ಗಡಿಯ ಹೋರಾಟವನ್ನೂ ಊರ ಕೆಲಸವನ್ನೂ ಅವರು ಒಂದಕ್ಕಾಗಿ ಇನ್ನೊಂದನ್ನು ಬಿಡದೆ ನಡೆಸಿದರು. ಕಾಸರಗೋಡಿನ ಕನ್ನಡಿಗರ ಸಾರ್ವಜನಿಕ ಬದುಕಿಗೆ ಇದು ಅವರು ಹಾಕಿಕೊಟ್ಟ ದಾರಿ.

ಗ್ರಾಮಸಭೆಯ ಕಾಲ

73ನೆಯ ಸಂವಿಧಾನ ತಿದ್ದುಪಡಿಯ ಬೆನ್ನಿಗೆ ಬಂದ 1994ರ ಕೇರಳ ಪಂಚಾಯತ್‌ರಾಜ್ ಕಾಯಿದೆ, 1995ರ ಚುನಾವಣೆ, 1996ರ ಜನಕೀಯ ಯೋಜನೆ ಇವು ಎಲ್ಲರಿಗೂ ಗೊತ್ತಿರುವ ಮೈಲಿಗಲ್ಲುಗಳು. ರಾಜ್ಯದ ಯೋಜನಾ ಹಣದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಬಂತು. ಪ್ರತಿ ವಾರ್ಡಿಗೂ ಗ್ರಾಮಸಭೆ, ಅದಕ್ಕೆ ಮತದಾರರಲ್ಲಿ ಶೇಕಡಾ 10ರಷ್ಟು ಹಾಜರಿ. ಮೊದಲು ಮೂರನೆಯ ಒಂದು, 2010ರ ಚುನಾವಣೆಯಿಂದ ಅರ್ಧದಷ್ಟು ಸ್ಥಾನ ಹೆಂಗಸರಿಗೆ. 1998ರಲ್ಲಿ ಶುರುವಾದ ಕುಟುಂಬಶ್ರೀ 10ರಿಂದ 20 ಮಹಿಳೆಯರ ನೆರೆಕರೆ ಕೂಟಗಳನ್ನು ಕಟ್ಟಿತು. ವಾರಕ್ಕೊಮ್ಮೆ ಒಬ್ಬರ ಮನೆಯ ಜಗಲಿಯಲ್ಲಿ ಕೂತು ಉಳಿತಾಯದ ಪುಸ್ತಕ ಬರೆಯುವ ಈ ಹೆಂಗಸರ ಕೈಗೆ ಗುರಿಕಾರನ ಮನೆಲೆಕ್ಕ ದಾಟಿತು. ಜಾತಿಯ ಗೆರೆಯ ಒಳಗಿದ್ದ ಆ ಲೆಕ್ಕ ಮೊದಲ ಬಾರಿಗೆ ಒಂದೇ ದಾರಿಯ ಬದಿಯ ಎಲ್ಲ ಮನೆಗಳನ್ನೂ ಒಳಗೊಂಡಿತು. ಈ ಶತಮಾನದ ಊರ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿಲ್ಲ.

ಈ ಮನೆಲೆಕ್ಕದ ಬೆಲೆ ಗೊತ್ತಾದದ್ದು ಎಂಡೋಸಲ್ಫಾನ್ ದುರಂತದಲ್ಲಿ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸಿಂಪಡಿಸಿದ ಆ ವಿಷಕ್ಕೆ ಸಿಕ್ಕ ಊರುಗಳೆಂದು ಸರಕಾರ ಗುರುತಿಸಿದ ಹನ್ನೊಂದು ಪಂಚಾಯತುಗಳಲ್ಲಿ ಬದಿಯಡ್ಕವೂ ಒಂದು. ಪಕ್ಕದ ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕಗಳೂ ಅದರಲ್ಲಿವೆ. ಏಳಲಾರದ ಮಗುವಿನ ಪಕ್ಕ ಇಪ್ಪತ್ತು ವರ್ಷ ಕೂತ ತಾಯಿಗೆ ಕಚೇರಿಗೆ ಬಂದು ಅರ್ಜಿ ಕೊಡಿ ಎಂದರೆ ಆಗುತ್ತದೆಯೇ? ಯಾರಾದರೂ ಮನೆಗೇ ಹೋಗಬೇಕು. 2008ರಲ್ಲಿ ಕೇರಳ ಉಪಶಾಮಕ ಆರೈಕೆಗೆ ನೀತಿ ರೂಪಿಸಿದ ಮೇಲೆ ಪಂಚಾಯತುಗಳ ವತಿಯಿಂದ ನರ್ಸ್, ಆಶಾ ಕಾರ್ಯಕರ್ತೆ, ಸ್ವಯಂಸೇವಕರು ಕೂಡಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುವ ವ್ಯವಸ್ಥೆ ಬಂತು. ಗಾಯ ತೊಳೆದು, ಹಾಸಿಗೆ ಹುಣ್ಣಿಗೆ ಮದ್ದು ಹಚ್ಚಿ, ಮನೆಯವರ ಮಾತು ಕೇಳಿ ಬರುವ ಈ ಕೆಲಸ ಊರ ಕೆಲಸದ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿನದು.

2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಕರ್ನಾಟಕ ಗಡಿ ಮುಚ್ಚಿತು, ರಸ್ತೆಗಳಿಗೆ ಮಣ್ಣು ಸುರಿಯಿತು. ಚಿಕಿತ್ಸೆಗೆಂದರೆ ಮಂಗಳೂರು ಎಂದೇ ತಲೆಮಾರುಗಳಿಂದ ತಿಳಿದಿದ್ದ ಜನರಿಗೆ ದಾರಿ ಇಲ್ಲವಾಯಿತು. ದಾರಿ ಸಿಗದೆ ರೋಗಿಗಳು ತೀರಿಕೊಂಡರು. ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ವರ್ಷಗಳಿಂದ ಪೂರ್ತಿಯಾಗದೆ ನಿಂತಿದ್ದ ಸರಕಾರಿ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಏಪ್ರಿಲ್ ಮೊದಲ ವಾರದಲ್ಲಿ ತರಾತುರಿಯಿಂದ ಕೋವಿಡ್ ಆಸ್ಪತ್ರೆ ಮಾಡಲಾಯಿತು. ಸ್ಥಳೀಯ ಸಂಸ್ಥೆಗಳ ಸಮುದಾಯ ಅಡುಗೆಮನೆಗಳಲ್ಲಿ ಕುಟುಂಬಶ್ರೀಯವರು ಅನ್ನ ಬೇಯಿಸಿದರು. ವಾರ್ಡಿನ ಜಾಗ್ರತಾ ಸಮಿತಿಯ ಹುಡುಗರು ಊಟ, ಮದ್ದು ಮನೆಬಾಗಿಲಿಗೆ ಮುಟ್ಟಿಸಿದರು. ಯಾರ ಮನೆಗೆ ಯಾವ ಮಾತ್ರೆ ಬೇಕೆಂಬ ಲೆಕ್ಕ ಮತ್ತೆ ನಡೆದು ಹೋಗುವವರ ಬಳಿಯೇ ಇತ್ತು.

ಈಗಿನ ಕಷ್ಟ ಎರಡು. ಒಂದು ಭಾಷೆಯದು. ಭಾಷಾ ಅಲ್ಪಸಂಖ್ಯಾತರು ಕನ್ನಡದಲ್ಲಿ ಸರಕಾರದೊಂದಿಗೆ ಪತ್ರ ವ್ಯವಹಾರ ನಡೆಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿತು. ಆದರೂ ಅರ್ಜಿ ನಮೂನೆಯೂ ಸುತ್ತೋಲೆಯೂ ಮಲಯಾಳದಲ್ಲಿ ಮಾತ್ರ ಬಂದಾಗ ಗ್ರಾಮಸಭೆಗೆ ಬಂದ ಹಿರಿಯರು ಮಾತಾಡದೆ ಎದ್ದು ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಸಹಿ ಬೀಳುತ್ತದೆ, ಅವರ ಬೇಡಿಕೆ ಬೀಳುವುದಿಲ್ಲ. ಇನ್ನೊಂದು ವಾರ್ಡಿನ ಗಡಿಯದು. ಜನಸಂಖ್ಯೆಯನ್ನು ಸರಿತೂಗಿಸಲು ವಾರ್ಡುಗಳನ್ನು ಕಾಲಕಾಲಕ್ಕೆ ಮರುವಿಂಗಡಿಸುತ್ತಾರೆ. 2025ರ ಚುನಾವಣೆಗೆ ಮುಂಚೆಯೂ ರಾಜ್ಯದಾದ್ಯಂತ ಅದು ನಡೆಯಿತು. ನಕ್ಷೆಯ ಮೇಲೆ ಮನೆಗಳ ಸಂಖ್ಯೆ ಸರಿಹೊಂದಿದರೂ ಒಂದೇ ವಾಳೆಯ, ಒಂದೇ ಭಜನಾ ಮಂದಿರದ, ಒಂದೇ ಕಟ್ಟದ ನೀರಿನ ಮನೆಗಳು ಎರಡು ಗ್ರಾಮಸಭೆಗೆ ಹಂಚಿಹೋದರೆ ಕೂಡಿ ದುಡಿದು ಗೊತ್ತಿರುವವರು ಬೇರೆ ಬೇರೆ ಪಟ್ಟಿಯಲ್ಲಿ ನಿಲ್ಲಬೇಕಾಗುತ್ತದೆ. ಕರಡು ನಕ್ಷೆಗೆ ಆಕ್ಷೇಪ ಸಲ್ಲಿಸಲು ಕಾಯಿದೆಯಲ್ಲಿ ಅವಕಾಶವಿದೆ. ಮುಂದಿನ ಬಾರಿ ಆ ಆಕ್ಷೇಪ ಬರೆಯಲು ಕೂರುವವರು ನೆರೆಕರೆ ಕೂಟದ ಪುಸ್ತಕವನ್ನೂ ವಾಳೆಯ ಮನೆಪಟ್ಟಿಯನ್ನೂ ಕಟ್ಟದ ಪಾಲಿನ ಲೆಕ್ಕವನ್ನೂ ಮುಂದಿಟ್ಟುಕೊಂಡು, ಕನ್ನಡದಲ್ಲೇ ಬರೆಯಬೇಕು.