ನೆರಳಿಗೆ ಸಂದ ಒಲವು

'ಹಿರಿಯರ ನೆರಳಲ್ಲಿ ಬೆಳೆದೆ' ಎನ್ನುವಾಗ ದನಿಯಲ್ಲಿ ಕೃತಜ್ಞತೆ ಇರುತ್ತದೆ. 'ಅವನ ನೆರಳೂ ಸೋಕಬಾರದು' ಎನ್ನುವಾಗ ಕೆಂಡದಂಥ ಸಿಟ್ಟು. ಹಳಗನ್ನಡದ 'ನೆೞಲ್' ತನ್ನ ೞಕಾರ ಕಳೆದುಕೊಂಡು ನೆಳಲು, ನೆರಳು ಎಂದಾಯಿತು. ತಂಪನ್ನೂ ಕಪ್ಪನ್ನೂ ಮಾತ್ರ ಬಿಟ್ಟುಕೊಡಲಿಲ್ಲ.

ಇಂಗ್ಲಿಷ್ ಕವಿ ಜಾನ್ ಡನ್ (1572–1631) ನೆರಳಿನಲ್ಲಿ ಕಂಡದ್ದು ಕಪ್ಪನ್ನೇ. 'ಎ ಲೆಕ್ಚರ್ ಅಪಾನ್ ದ ಷ್ಯಾಡೋ' ಕವಿತೆಯಲ್ಲಿ ಪ್ರೇಮಿಗಳಿಬ್ಬರು ಬೆಳಗಿನಿಂದ ಜೊತೆಯಾಗಿ ನಡೆದಿದ್ದಾರೆ. ಎಳೆಯ ಪ್ರೀತಿ ಊರಿನ ಕಣ್ಣು ತಪ್ಪಿಸಲು ಚೆಲ್ಲುವ ಮರೆ ಮುಂಜಾನೆಯ ನೆರಳು. ಸೂರ್ಯ ನೆತ್ತಿಗೇರಿದಾಗ ಎಲ್ಲವೂ ನಿಚ್ಚಳ. ಹೊತ್ತು ಇಳಿದರೆ ಮತ್ತೆ ನೆರಳು ಬೀಳುತ್ತದೆ, ಈ ಸಲ ಅವರವರ ಕಣ್ಣಿಗೇ ಮಣ್ಣೆರಚಲು. ಪ್ರೀತಿ ನಡುಹಗಲಲ್ಲೇ ನಿಲ್ಲಬೇಕು, ಕೊಂಚ ವಾಲಿದರೂ ಕತ್ತಲೆ ಎನ್ನುವಷ್ಟು ನಿಷ್ಠುರ ಅವನ ತೀರ್ಮಾನ. ಸಂಶಯದ ನೋವನ್ನು ಇಷ್ಟು ಕರಾರುವಾಕ್ಕಾಗಿ ಅಳೆದ ಕವಿತೆಗಳು ವಿರಳ.

ಆದರೆ ಲಂಡನ್ನಿನಲ್ಲಿ ಸೂರ್ಯ ಯಾವ ದಿನವೂ ಸರಿಯಾಗಿ ನೆತ್ತಿಯ ಮೇಲೆ ಬರುವುದಿಲ್ಲ. ಆ ನಡುಹಗಲು ಡನ್‌ನ ಹಂಬಲ. ನಮ್ಮ ಬೆಂಗಳೂರಿಗೆ ಅದು ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ನಿಜವಾಗಿಯೇ ಬರುತ್ತದೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಏಪ್ರಿಲ್‌ನ ಆ ಹೊತ್ತಿನಲ್ಲಿ ಯಾರೂ ಬಯಲಲ್ಲಿ ನಿಲ್ಲಬಯಸುವುದಿಲ್ಲ, ಹೊಂಗೆ ಮರ ಹುಡುಕುತ್ತಾರೆ.

ಇಂಥ ಬಿಸಿಲಿನ ನಾಡಿನವನಾದ ಭರ್ತೃಹರಿ ಇಳಿಹೊತ್ತಿನ ನೆರಳಿಗೆ ಬೇರೆಯೇ ಬೆಲೆ ಕಟ್ಟಿದ. ನೀತಿಶತಕದಲ್ಲಿ ಅವನು ಹೇಳುವುದು ಗೆಳೆತನದ ಬಗ್ಗೆ: ದುರ್ಜನರದು ಬೆಳಗಿನ ನೆರಳು, ಮೊದಲು ಉದ್ದ, ಬರಬರುತ್ತ ಮೋಟು, ಸಜ್ಜನರದು ಮಧ್ಯಾಹ್ನ ಕಳೆದ ಮೇಲಿನದು, ಗೇಣಿನಿಂದ ಹೊರಟು ಬೆಳೆಯುತ್ತ ಹೋಗುವಂಥದು. ಡನ್‌ಗೆ ವಂಚನೆಯಾಗಿ ಕಂಡದ್ದೇ ಇವನಿಗೆ ಮಾಗುವಿಕೆ.

ನನ್ನ ಮನಸ್ಸು ಒಲಿಯುವುದು ಕೆ.ಎಸ್. ನರಸಿಂಹಸ್ವಾಮಿಯವರ ಕಡೆಗೆ. ಬಾಳಿಗೆ ಬೆಳಕಾದ ಒಲುಮೆಗಾಗಿ ಮಡದಿಯನ್ನು ಚಂದ್ರಮುಖಿ ಎಂದು ಕರೆಯುವ ಆ ಪ್ರಸಿದ್ಧ ಗೀತೆಯಲ್ಲಿ, ಅದೇ ಉಸಿರಿಗೆ ಅವಳ ಸೌಜನ್ಯವನ್ನು ಅವರು ದಾರಿಯ ನೆರಳಾಗಿಸುತ್ತಾರೆ. ಬೆಳಕಿಗೆ ನೆರಳು ಇಲ್ಲಿ ಎದುರಾಳಿಯಲ್ಲ. ಚಂದ್ರಮುಖಿಯ ಚೆಲುವಿಗೆ ಸೋತು ನಾವು ಗುನುಗುವುದು ಹೆಚ್ಚಾಗಿ ಮೊದಲ ಮಾತನ್ನು. ನನಗೆ ಎರಡನೆಯದೇ ದೊಡ್ಡದು: ದಾಂಪತ್ಯದಲ್ಲೂ ಬಿಸಿಲೇರುವ ಹೊತ್ತು ಬರುತ್ತದೆಂದು ಬಲ್ಲವರಷ್ಟೇ ಹೆಂಡತಿಯ ಸೌಜನ್ಯವನ್ನು ಹಾಡಿ ಹೊಗಳಿಯಾರು.